ಚಿನ್ನಕ್ಕನ ಹತ್ತಿ, ಸಾಹೇಬರ ತಟ್ಟಿ

ಸೀಸದ ಸಣ್ಣ ಗುಂಡುಗಳು ತಗಡಿನ ಡಬ್ಬಿಗೆ ಸುರಿಯುವ ಸದ್ದು. ಸರಸರ, ಸರಸರ. ಡಬ್ಬಿ ತುಂಬುತ್ತ ಬಂದಂತೆ ಸದ್ದು ದಪ್ಪಗಾಗುತ್ತದೆ. ನಾವು ಉಸಿರು ಹಿಡಿಯುತ್ತೇವೆ. ಆಮೇಲೆ ಟಪ್ ಎಂದು ಒಂದು ಸಣ್ಣ ಸದ್ದು, ಅದರ ಬೆನ್ನಿಗೇ ಡಬ್ಬಿ ಟ್ರೇಗೆ ಬಿದ್ದ ಠಣ್. ಈಗಲೂ ಅಡುಗೆಮನೆಯಲ್ಲಿ ಯಾರಾದರೂ ಸಾಸಿವೆಯನ್ನು ಸ್ಟೀಲ್ ಡಬ್ಬಕ್ಕೆ ಸುರಿದರೆ ನಾನು ಮಾತು ನಿಲ್ಲಿಸಿ ಆ ಟಪ್‌ಗೆ ಕಾಯುತ್ತೇನೆ. ಮೊಮ್ಮಗಳು ನಗುತ್ತಾಳೆ.

ಆ ಟಪ್ ಅಂದರೆ ಹತ್ತಿಯ ಎಳೆಗಳ ಒಂದು ಕಟ್ಟು ಹರಿದ ಸದ್ದು. ಹತ್ತಿಯನ್ನು ಬಾಚಣಿಗೆಯಿಂದ ಬಾಚಿ, ಎಳೆಗಳನ್ನು ಸಾಲಾಗಿ ಕೂರಿಸಿ, ಬೆಂಕಿಕಡ್ಡಿಯಷ್ಟು ಗಾತ್ರದ ಕಟ್ಟು ಮಾಡಿ, ಎರಡು ದವಡೆಗಳ ನಡುವೆ ಬಿಗಿಯಬೇಕು. ಕೆಳಗಿನ ದವಡೆಗೆ ಡಬ್ಬಿ ತೂಗುಹಾಕಬೇಕು. ಹರಿಯುವವರೆಗೆ ಸೀಸ ಸುರಿಯಬೇಕು. ಹರಿದ ಮೇಲೆ ಡಬ್ಬಿಯ ತೂಕವೇ ಆ ಹತ್ತಿಯ ಗಟ್ಟಿತನ. ಕೃಷ್ಣಗಿರಿ ಬಂಡೆಯ ಕೆಳಗಿದ್ದ ಒಂದು ಚಿಕ್ಕ ಬೀಜದ ಫಾರಂನಲ್ಲಿ, ಎರಡನೇ ಮಹಾಯುದ್ಧದ ಕಡೆಯ ವರ್ಷಗಳಲ್ಲಿ, ಇದೇ ನನ್ನ ನೌಕರಿ. ಆಮೇಲೆ ಬೇರೆ ಬೇರೆ ಊರುಗಳ ಲ್ಯಾಬುಗಳಲ್ಲಿ ಕೆಲಸ ಮಾಡಿ ನಿವೃತ್ತಳಾದೆ. ಯಾವ ಹುದ್ದೆಯಿಂದ ಯಾವ ಹುದ್ದೆಗೆ ಹೋದೆ ಎಂಬುದೆಲ್ಲ ಬೋರಿಂಗ್. ಈಗ ಟೆಸ್ಟಿಂಗ್ ಲ್ಯಾಬಿಗೆ ಸೇರುವ ಹುಡುಗಿಯರಿಗೆ ಹೇಳಬೇಕಾದದ್ದು ಆ ಮೊದಲ ಕೋಣೆಯ ವಿಷಯ.

ನಾನು ಹೊಸೂರಿನವಳು. ಓದಿದ್ದು ಬೆಂಗಳೂರಿನ ಕಾನ್ವೆಂಟಿನಲ್ಲಿ. ನೀಡಲ್‌ವರ್ಕ್ ಕಲಿಸುತ್ತಿದ್ದ ಐರಿಷ್ ಸಿಸ್ಟರ್ ನನ್ನ ಹೊಲಿಗೆಯನ್ನು ಮೂರು ಸಲ ಬಿಚ್ಚಿಸಿ, "ನೀಟ್ಲಿ, ಚೈಲ್ಡ್, ನೀಟ್ಲಿ" ಎನ್ನುತ್ತಿದ್ದರು. ಅದು ಇಂಟರ್ವ್ಯೂನಲ್ಲಿ ಕೆಲಸಕ್ಕೆ ಬಂತು. ಫಾರಂನ ಮುಖ್ಯಸ್ಥರು ವೆಂಕಟಾಚಾರಿ ಸರ್, ಕುಂಭಕೋಣದ ಕಡೆಯವರು. ನನ್ನ ಸರ್ಟಿಫಿಕೇಟ್ ನೋಡಲೇ ಇಲ್ಲ. ಒಂದು ಹಿಡಿ ಹತ್ತಿ ಕೊಟ್ಟು, "ಬಾಚಿ ತೋರಿಸಮ್ಮಾ" ಎಂದರು. ಬಾಚಿದೆ. ಕನ್ನಡಕ ಹಣೆಗೇರಿಸಿ ನೋಡಿ, "ನಾಳೆಯಿಂದ ವಾ" ಎಂದರು. ಅಷ್ಟೇ.

ಗಂಡಸರೆಲ್ಲ ಸೈನ್ಯಕ್ಕೋ ಫ್ಯಾಕ್ಟರಿಗೋ ಹೋಗಿದ್ದ ಕಾಲ. ಸೈನ್ಯಕ್ಕೆ ಟೆಂಟು, ಪಟ್ಟಿ, ಪ್ಯಾರಾಚೂಟಿನ ಟೇಪು ಬೇಕಿತ್ತು. ಮದರಾಸಿನ ಹೆಡ್ ಆಫೀಸಿನಿಂದ ಬರುತ್ತಿದ್ದ ಕಾಗದಗಳಲ್ಲೆಲ್ಲ ಒಂದೇ ಮಾತು, ಗಟ್ಟಿ ಹತ್ತಿ ಬೇಕು.

ಗಟ್ಟಿ ಹತ್ತಿ ಅಂದರೇನು? ಇದನ್ನು ಸರ್ ನನಗೆ ಕಲಿಸಿದ್ದು ತಮ್ಮ ಕೊರಳಿನ ತುಳಸಿಮಣಿ ಹಿಡಿದುಕೊಂಡು. "ಒಂದು ಸಕ್ಕರೆ ಕಣ, ಪಕ್ಕದಲ್ಲಿ ಇನ್ನೊಂದು. ಒಂದರ ಮುಖ ಮೇಲೆ, ಮುಂದಿನದು ಮಗುಚಿಕೊಂಡಿರುತ್ತದೆ. ಹೀಗೆ ಸಾವಿರಾರು ಮಣಿಗಳು ಸೇರಿ ಒಂದು ಸರಪಳಿ. ಅದೇ ಸೆಲ್ಯುಲೋಸ್." ನನ್ನ ತಲೆಗೆ ಬಂದದ್ದು ಚಾಪೆಲ್‌ನಲ್ಲಿ ಸಿಸ್ಟರುಗಳ ಬೆರಳಲ್ಲಿ ಜಾರುತ್ತಿದ್ದ ರೋಸರಿ. ಹೇಳಿದೆ. ಸರ್ ನಕ್ಕರು. "ಯಾವ ಮಣಿಯಾದರೂ ಸರಿ. ಸರಪಳಿ ಉದ್ದವಾಗಿರಬೇಕು, ಅದೊಂದು. ಆ ಸರಪಳಿಗಳೆಲ್ಲ ಎಳೆಯ ಉದ್ದಕ್ಕೆ ಮಲಗಿರಬೇಕು, ಅದು ಎರಡನೆಯದು. ಹತ್ತಿಯಲ್ಲಿ ಅವು ಸುರುಳಿಯಾಗಿ ಏರುತ್ತವೆ. ಸುರುಳಿ ನೆಟ್ಟಗೆ ಏರಿದರೆ ಗಟ್ಟಿ. ಅಡ್ಡಡ್ಡ ಸುತ್ತಿದರೆ ಬಲವಿಲ್ಲ."

ಕಣ್ಣಿಗೆ ಕಾಣದ ಒಂದು ಸುರುಳಿಯ ಓರೆಯಿಂದ ಆಕಾಶದಲ್ಲಿ ನೇತಾಡುವ ಸಿಪಾಯಿಯ ಪ್ರಾಣ ಉಳಿಯುವುದೋ ಇಲ್ಲವೋ ನಿರ್ಧಾರವಾಗುತ್ತದೆ! ಇಪ್ಪತ್ತರ ಹುಡುಗಿಗೆ ಅದು ದೊಡ್ಡ ರೋಮಾನ್ಸ್. ಬಾಚುವಾಗ ಪ್ರಾರ್ಥನೆ ಮಾಡುವಂತೆ ಬಾಚುತ್ತಿದ್ದೆ.

ನನ್ನ ಕೋಣೆಗೆ ತಗಡಿನ ಮಾಡು. ಸರ್ ಕೋಣೆಗೆ, ಎಲ್ಲರ ಬಾಯಲ್ಲಿ ಸಾಹೇಬರ ಕೋಣೆಗೆ, ಹೆಂಚು. ಈ ವ್ಯತ್ಯಾಸ ನೆನಪಿಡಿ.

ಆಗ ನಮ್ಮಲ್ಲಿ ಒಂದು ರಿವಾಜಿತ್ತು. ಮದರಾಸಿನಿಂದ ಹೋಲಿಕೆಗೆಂದು ಬರುತ್ತಿದ್ದ ಅರಗಿನ ಸೀಲು ಹಾಕಿದ ಕಂಬೋಡಿಯಾ ತಳಿಯ ಹತ್ತಿಯ ಪೆಟ್ಟಿಗೆ ಸಾಹೇಬರ ಕೋಣೆ ಬಿಟ್ಟು ಹೊರಬರಬಾರದು. ಅದನ್ನು ಪರೀಕ್ಷಿಸುವ ದಿನ ಯಂತ್ರವೇ ಅಲ್ಲಿಗೆ ಹೋಗುತ್ತಿತ್ತು, ಅದರ ಹಿಂದೆ ನಾನು. ರೈತರ ಹತ್ತಿ ಸಾಹೇಬರ ಕೋಣೆಗೆ ಹೋಗಬಾರದು, ಅದರಲ್ಲಿ ಎಲೆಪುಡಿ, ಮಣ್ಣು, ಹುಳ. ಅದು ತಗಡಿನ ಕೋಣೆಯಲ್ಲೇ ಹರಿಯಬೇಕು. ಯಾರು ಮಾಡಿದ ನಿಯಮವೋ ಗೊತ್ತಿಲ್ಲ. ನಾನು ಸೇರುವ ಮೊದಲೇ ಇತ್ತು, ಎಲ್ಲರಿಗೂ ಸಹಜವಾಗಿ ಕಾಣುತ್ತಿತ್ತು.

ಆ ಬೇಸಿಗೆ ಸರ್‌ಗೆ ಕಣ್ಣುರಿ ಹೆಚ್ಚಾಗಿ, ತಮ್ಮ ಕೋಣೆಯ ಕಿಟಕಿಗೆ ಮೊದಲ ಬಾರಿ ಲಾವಂಚದ ಬೇರಿನ ತಟ್ಟಿ ಕಟ್ಟಿಸಿದರು. ನೀರು ಹಾಕುವವನು ಮುನಿಯಪ್ಪ. ಬಿಂದಿಗೆ ಹೊತ್ತು ಬಂದು ತಟ್ಟಿಗೆ ನೀರೆರಚಿ, ತಾನೇ ಒಂದಷ್ಟು ಮುಖಕ್ಕೆ ಎರಚಿಕೊಂಡು, "ಸಾಯೇಬ್ರು ಊಟಿಗೆ ಹೋಗಾಕಿಲ್ಲ ಕಣವ್ವ, ಊಟೀನೇ ಬಾವಿಯಿಂದ ಸೇದಿ ತಂದ್ಕೊಡ್ತೀನಿ" ಎನ್ನುತ್ತಿದ್ದ.

ಇನ್ನು ಚಿನ್ನಕ್ಕ. ಸಾನಮಾವಿನ ಕಾಡಂಚಿನ ಹಳ್ಳಿಯವಳು, ಗಂಡ ತೀರಿಕೊಂಡವಳು, ಕುತ್ತಿಗೆ ಸದಾ ನೆಟ್ಟಗೆ. ಫಾರಂನಲ್ಲಿ ಸರ್ ತಾವೇ ವರ್ಷಗಟ್ಟಲೆ ಆಯ್ದು ಬೆಳೆಸಿದ್ದ ಒಂದು ಹೊಸ ತಳಿಯನ್ನು ಹೊರಗಿನ ಹೊಲದಲ್ಲಿ ಬೆಳೆದು ನೋಡಬೇಕಿತ್ತು. ರೈತರಾರೂ ಮುಂದೆ ಬರಲಿಲ್ಲ. ಇವಳು ಬಂದಳು. ಫಾರಂಗೆ ಬೀಜ ಬೆಳೆದುಕೊಡುವವರ ಹೊಲವನ್ನು ಆ ಕರಾರು ಮುಗಿಯುವವರೆಗೆ ಮನೆಯವರು ಯಾರೂ ಪಾಲು ಕೇಳಿ ಉಳುವಂತಿರಲಿಲ್ಲ. ಯುದ್ಧದ ಬೆಳೆ ಎಂದು ತಾಲ್ಲೂಕು ಕಚೇರಿ ಅಷ್ಟು ರಕ್ಷಣೆ ಕೊಟ್ಟಿತ್ತು. ಚಿನ್ನಕ್ಕನಿಗೆ ಬೇಕಿದ್ದದ್ದು ಅದೇ. ಅವಳ ಮೈದುನ ಯಲ್ಲಪ್ಪ ಆ ಹೊಲದ ಮೇಲೆ ಕಣ್ಣಿಟ್ಟು, ಅವಳನ್ನು ತವರಿಗೆ ಕಳಿಸುವ ಮಾತಾಡುತ್ತಿದ್ದ.

"ಹತ್ತಿ ಯಾಕೆ ಚಿನ್ನಕ್ಕ, ರಾಗಿ ಹಾಕಬಾರದಿತ್ತಾ?" ಎಂದು ಒಮ್ಮೆ ಕೇಳಿದ್ದೆ.

"ಆನೆ ರಾಗಿ ತಿಂತದೆ, ಕಬ್ಬು ತಿಂತದೆ. ಹತ್ತಿ ಮೂಸ್ಬುಟ್ಟು ಹೊಂಟೋಯ್ತದೆ ಮಿಸ್ಸವ್ವ. ನಮ್ ಮೈದ ಒಬ್ನೇ ನೋಡು, ಹತ್ತೀನೂ ಬುಡಾಕಿಲ್ಲ ಅಂತಾನೆ."

ಅವಳ ಹತ್ತಿ ಮಾರ್ಚ್ ಕೊನೆಗೆ ಬಂತು. ಬೀಜ ಬೇರ್ಪಡಿಸಿ ಮೂಟೆ ಕಟ್ಟಿ ಗೋಡೌನಿನಲ್ಲಿಟ್ಟರು. ಹತ್ತಿ ನನ್ನ ಮೇಜಿಗೆ ಬಂತು. ಬಾಚಿದೆ, ಕಟ್ಟಿದೆ, ಸೀಸ ಸುರಿದೆ. ಸರಸರ ಶುರುವಾಗುವಷ್ಟರಲ್ಲೇ ಟಪ್. ಮತ್ತೆ ಮತ್ತೆ ಟಪ್. ಮದರಾಸಿನ ಹತ್ತಿಗಿಂತ ಎಷ್ಟೋ ಕೆಳಗೆ. ಸರ್ ಮುಖ ಕಪ್ಪಿಟ್ಟಿತು. ಅವರದೇ ಕೂಸಲ್ಲವೇ ಆ ತಳಿ. ಆದರೂ ಅವತ್ತೇ 'ವೀಕ್, ರಿಜೆಕ್ಟ್' ಎಂದು ರಿಪೋರ್ಟ್ ಬರೆದು ಟಪಾಲಿಗೆ ಹಾಕಿಸಿದರು. ರಿಜೆಕ್ಟ್ ಆದ ಬೀಜ ಯಾರ ಹೊಲಕ್ಕೂ ಹೋಗಬಾರದು, ದನಗಳ ಮೇವಿಗೆ ಹೋಗಬೇಕು. ಬೀಜ ಹೋದರೆ ತಳಿ ಹೋಯಿತು. ತಳಿ ಹೋದರೆ ಚಿನ್ನಕ್ಕನ ಹೊಲ.

ಇಷ್ಟರಲ್ಲಿ ಬೆಂಗಳೂರಿನಿಂದ ಒಂದು ಪಾರ್ಸೆಲ್ ಬಂತು. ಅಲ್ಲಿನ ಒಂದು ಲ್ಯಾಬಿನಲ್ಲಿ ಸರ್ ಸ್ನೇಹಿತರೊಬ್ಬರ ಬಳಿ ಎಕ್ಸ್‌ರೇ ಯಂತ್ರವಿತ್ತು. ಕುತೂಹಲಕ್ಕೆ ಸರ್ ಎರಡೂ ಹತ್ತಿಗಳ ಒಂದೊಂದು ಚಿಟಿಕೆ ಕಳಿಸಿದ್ದರು. ಕೈಕಾಲಿನ ಮೂಳೆ ತೋರಿಸುವ ಎಕ್ಸ್‌ರೇ ಹತ್ತಿಯ ಒಳಗಿನ ಸರಪಳಿಗಳು ಹೇಗೆ ಮಲಗಿವೆ ಎಂಬುದನ್ನೂ ತೋರಿಸುತ್ತದೆ. ಅಡ್ಡಾದಿಡ್ಡಿ ಇದ್ದರೆ ಫಿಲ್ಮಿನ ಮೇಲೆ ಪೂರ್ತಿ ಬಳೆ ಮೂಡುತ್ತದೆ. ನೆಟ್ಟಗೆ ಮಲಗಿದ್ದರೆ ಬಳೆ ಒಡೆದು ಎರಡು ಕಡೆ ಚಿಕ್ಕ ಚೂರುಗಳಷ್ಟೇ ಉಳಿಯುತ್ತವೆ.

ಫಿಲ್ಮುಗಳನ್ನು ಕಿಟಕಿಗೆ ಹಿಡಿದೆ. ಮದರಾಸಿನ ಹತ್ತಿಯ ಚೂರುಗಳು ಒಂದಷ್ಟು ಉದ್ದ. ಚಿನ್ನಕ್ಕನ ಹತ್ತಿಯವು ಅದಕ್ಕಿಂತ ಚಿಕ್ಕವು, ಹುಬ್ಬು ತೀಡಿದಂತೆ. ಅಂದರೆ ಚಿನ್ನಕ್ಕನ ಹತ್ತಿಯ ಸರಪಳಿಗಳೇ ಹೆಚ್ಚು ನೆಟ್ಟಗಿವೆ. ಅದೇ ಗಟ್ಟಿಯಾಗಿರಬೇಕು!

"ಸರ್, ಇದು ಹೇಗೆ?"

ಸರ್ ಬಹಳ ಹೊತ್ತು ನೋಡಿದರು. "ಸರಪಳಿ ನೆಟ್ಟಗಿದ್ದರೂ ತುಂಡು ತುಂಡಾಗಿರಬಹುದು. ಬಿಸಿಲಲ್ಲಿ ಬಿಟ್ಟಿರಬಹುದು. ರಿಪೋರ್ಟ್ ಹೋಯಿತಲ್ಲ, ವಿಡು, ಬಿಟ್ಟುಬಿಡು."

"ಬಿಸಿಲಿಗೆ ಬಿಟ್ಟಿಲ್ಲ ಸರ್. ಅವಳು ಇಬ್ಬನಿಯಲ್ಲೇ ಬಿಡಿಸಿ ನೇರ ಇಲ್ಲಿಗೆ ತಂದಳು."

"ಮಿಸ್ ಸುಶೀಲಾ, ಅದು ನನ್ನ ತಳಿ. ನಾನೇ ಮತ್ತೆ ಟೆಸ್ಟ್ ಮಾಡಿ ಗಟ್ಟಿ ಅಂದರೆ ಮದರಾಸಿನವರು ಏನು ಹೇಳುತ್ತಾರೆ? ತನ್ನ ಮಗುವಿಗೆ ತಾನೇ ಪ್ರೈಜ್ ಕೊಟ್ಟ ಅನ್ನುತ್ತಾರೆ."

ನನ್ನ ಕೋಣೆಗೆ ಬಂದು ಕೂತೆ. ಆದರೆ ಮನಸ್ಸು ಕೂರಲಿಲ್ಲ. ಫಿಲ್ಮ್ ಒಂದು ಹೇಳುತ್ತದೆ, ಡಬ್ಬಿ ಇನ್ನೊಂದು ಹೇಳುತ್ತದೆ. ಇಬ್ಬರಲ್ಲಿ ಒಬ್ಬರು ಸುಳ್ಳು. ಯಾರು?

ಅವತ್ತು ಮಧ್ಯಾಹ್ನ ಬೇರೊಬ್ಬ ರೈತರ ಹತ್ತಿ ಬಾಚುತ್ತಿದ್ದೆ. ತಗಡು ಕಾದು ಕೋಣೆ ಒಲೆಯಾಗಿತ್ತು. ಎಳೆಗಳು ಬಾಚಣಿಗೆಗೆ ಅಂಟಿ ನಿಮಿರಿ ನಿಲ್ಲುತ್ತಿದ್ದವು, ನನ್ನ ರವಿಕೆಯ ತೋಳಿಗೆ ಹಾರಿ ಕೂರುತ್ತಿದ್ದವು. ಕಟ್ಟು ಮಾಡುವುದೇ ಒಂದು ಯುದ್ಧ. ಆಗ ನೆನಪಾಯಿತು. ಮದರಾಸಿನ ಹತ್ತಿ ಹೀಗೆ ಹಾರಲೇ ಇಲ್ಲ. ತಲೆಗೆ ಎಣ್ಣೆ ಹಚ್ಚಿಸಿಕೊಂಡ ಮಗುವಿನಂತೆ ಹೇಳಿದ ಕಡೆ ಮಲಗಿತ್ತು. ಒಳ್ಳೆಯ ಹತ್ತಿ ಅದಕ್ಕೇ ಎಂದುಕೊಂಡಿದ್ದೆ. ಹತ್ತಿ ಒಳ್ಳೆಯದೋ, ಕೋಣೆ ಒಳ್ಳೆಯದೋ?

ಹೊರಗೆ ಮುನಿಯಪ್ಪ ತಟ್ಟಿಗೆ ನೀರೆರಚುವ ಸದ್ದು ಕೇಳಿಸಿತು. ಬಾಚಣಿಗೆ ಕೆಳಗಿಟ್ಟೆ.

ಸರ್ ಬಳಿ ಓಡಬೇಕೆಂದು ಎದ್ದರೆ ಗೋಡೌನಿನ ಮುಂದೆ ಗಾಡಿ ನಿಂತಿದೆ. ಯಲ್ಲಪ್ಪ! ರಿಜೆಕ್ಟ್ ಆದ ಬೀಜವನ್ನು ಮೇವಿಗೆ ಒಯ್ಯಲು ಆಫೀಸಿನ ಚೀಟಿ ಹಿಡಿದು ಬಂದಿದ್ದ. ಊರಿನಲ್ಲಿ ಬೇರೆಯವರ ಎತ್ತುಗಳಿರಲಿಲ್ಲವೇ? ಅವನೇ ಬರಬೇಕಿತ್ತೇ? ರಾತ್ರಿಯಿಡೀ ಗಾಡಿಯ ಹಿಂದೆ ನಡೆದುಕೊಂಡೇ ಬಂದಿದ್ದ ಚಿನ್ನಕ್ಕ ಬಾಗಿಲ ಬಳಿ ಸೆರಗು ಬಾಯಿಗೊತ್ತಿ ನಿಂತಿದ್ದಳು.

ಏನು ಮಾಡಿದೆನೆಂದರೆ, ನೇರ ಒಳಗೆ ಹೋಗಿ ಮೂಟೆಗಳ ಮೇಲೆ ಕೂತೆ. ಕಾನ್ವೆಂಟಿನಲ್ಲಿ ಕಲಿಸಿದಂತೆ, ಮೊಣಕಾಲು ಜೋಡಿಸಿ, ಬೆನ್ನು ನೆಟ್ಟಗೆ.

ಯಲ್ಲಪ್ಪ ಕಕ್ಕಾಬಿಕ್ಕಿ. "ಇಳೀರವ್ವ ಕೆಳಕ್ಕೆ. ಬೀಜದ ಮೂಟೆ ಏನು ಇಸ್ಕೂಲು ಬೆಂಚಾ?"

"ಇಳಿಯುವುದಿಲ್ಲ. ಸಾಹೇಬರನ್ನು ಕರೆಯಿರಿ."

"ಚೀಟಿ ಐತೆ ನನ್ತಾವ!"

"ಚೀಟಿ ನಿನ್ನ ಹತ್ತಿರವೇ ಇರಲಿ. ಮೂಟೆ ನನ್ನ ಹತ್ತಿರ ಇದೆ."

ಮುನಿಯಪ್ಪ ಬಿಂದಿಗೆ ಇಳಿಸಿ ಬಂದ. "ಲೇ ಯಲ್ಲಪ್ಪ, ಈ ಅವ್ವ ಇಂಗ್ಲೀಸ್ ಓದವ್ರೆ ಕಣ್ಲಾ, ಇಳ್ಯಾಕಿಲ್ಲ. ನೀನು ಎತ್ತು ಬಿಚ್ಚಿ ಹುಣ್ಸೇಮರದಾಗೆ ಕಟ್ಬುಡು. ಪಾಪ, ಅವಾದ್ರೂ ತಣ್ಣಗಿರ್ಲಿ."

ಗಲಾಟೆಗೆ ಸರ್ ಹೊರಬಂದರು. ನನ್ನನ್ನು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ವಾಟ್ ಈಸ್ ದಿಸ್? ಎನ್ನಮ್ಮಾ, ಇದು ಆಫೀಸಾ, ಸಂತೆಯಾ?"

ಎದ್ದು ನಿಂತೆ. ಆದರೆ ಮೂಟೆಯ ಮುಂದೆಯೇ. "ಸರ್, ಮದರಾಸಿನ ಹತ್ತಿ ನಿಮ್ಮ ತಟ್ಟಿಯ ತಂಪಿನಲ್ಲಿ ಹರಿಯಿತು. ಚಿನ್ನಕ್ಕನದು ನನ್ನ ತಗಡಿನ ಕೆಳಗೆ. ಅದು ಗಾಳಿಯ ನೀರು ಕುಡಿದು ಕೂತಿತ್ತು, ಇದು ಬಾಯಾರಿತ್ತು. ಎರಡನ್ನೂ ಒಂದೇ ಕೋಣೆಯಲ್ಲಿ ಹರಿಯಬೇಕು."

"ಯು ಆರ್ ಅಕ್ಯೂಸಿಂಗ್ ಮೈ ತಟ್ಟಿ?"

"ಯೆಸ್, ಸರ್."

ಮುನಿಯಪ್ಪನಿಗೆ ಕೆಮ್ಮು ಬಂತು. ಸರ್ ಕೋಪ ಎಲ್ಲಿಗೆ ಹೋಗುತ್ತದೋ ತಿಳಿಯಲಿಲ್ಲ. "ಸೀಲಿನ ಪೆಟ್ಟಿಗೆ ನನ್ನ ರೂಮು ಬಿಟ್ಟು ಬರಕೂಡದು. ರೂಲ್."

"ಹಾಗಾದರೆ ಚಿನ್ನಕ್ಕನ ಹತ್ತಿ ನಿಮ್ಮ ರೂಮಿಗೆ ಬರಲಿ ಸರ್."

ಇದನ್ನು ಯಾರೂ ಎಂದೂ ಕೇಳಿರಲಿಲ್ಲ. ಸರ್ ಚಿನ್ನಕ್ಕನನ್ನು ನೋಡಿದರು. ಅವಳು ಸೆರಗು ತೆಗೆದು, "ಸಾಮಿ, ಸೋತ್ರೆ ಸೋಲ್ಲಿ. ಆದ್ರೆ ಒಂದೇ ಕಣದಾಗೆ ನಿಲ್ಸಿ ಸೋಲ್ಸಿ" ಎಂದಳು.

ಸರ್ ತಿರುಗಿ ನಡೆದರು. ಬಾಗಿಲಲ್ಲಿ ನಿಂತು, ನಮ್ಮತ್ತ ನೋಡದೆ, "ತನ್ನಿ" ಎಂದರು.

ಹತ್ತಿ ಒಯ್ದು ತಟ್ಟಿಯ ಹತ್ತಿರ ಹರಡಿದೆ. ತಕ್ಷಣ ಹರಿಯುವಂತಿಲ್ಲ, ಅದಕ್ಕೂ ಆ ಗಾಳಿ ಹೀರಿಕೊಳ್ಳಲು ಹೊತ್ತು ಬೇಕು. ಕಾದೆವು. ಯಲ್ಲಪ್ಪ ಹುಣಸೆಮರದಡಿ ಗೊರಕೆ ಹೊಡೆಯುತ್ತಿದ್ದ. ಚಿನ್ನಕ್ಕ ಹೊಸ್ತಿಲಾಚೆ ಕೂತಿದ್ದಳು, ಎಷ್ಟು ಕರೆದರೂ ಒಳಗೆ ಬರಲಿಲ್ಲ. ಬಂಡೆಯ ಕಡೆಯಿಂದ ಹಗ್ಗ ಹಾಕಿ ಕಲ್ಲು ಎಳೆಯುವವರ ಕೂಗು ಕೇಳುತ್ತಿತ್ತು.

ಸರ್ ಅದನ್ನು ಕೇಳುತ್ತ ಕೇಳುತ್ತ ತಮ್ಮಷ್ಟಕ್ಕೇ ಮಾತಾಡುವಂತೆ ಹೇಳಿದರು. "ಅಲ್ಲಿ ಹಗ್ಗ ಹಿಡಿದವರನ್ನು ನೋಡು. ಒಬ್ಬನ ಹಗ್ಗ ಬಿಗಿ, ಇನ್ನೊಬ್ಬನದು ಸಡಿಲ ಇದ್ದರೆ ಬಿಗಿ ಇದ್ದವನ ಹಗ್ಗ ಮೊದಲು ಹರಿಯುತ್ತದೆ, ಆಮೇಲೆ ಪಕ್ಕದವನದು. ಒಣ ಹತ್ತಿಯ ಸರಪಳಿಗಳೂ ಹಾಗೆ. ಒಂದಕ್ಕೊಂದು ಕಚ್ಚಿಕೊಂಡು, ಅಲ್ಲಾಡಲಾರದೆ, ಕೆಲವೇ ಭಾರ ಹೊರುತ್ತವೆ. ಒಳಗೆ ಒಂದಷ್ಟು ನೀರು ಹೋದರೆ ಆ ಕಚ್ಚು ಸಡಿಲಾಗುತ್ತದೆ. ಎಳೆದಾಗ ಸರಿದುಕೊಂಡು ಎಲ್ಲವೂ ಹೆಗಲು ಕೊಡುತ್ತವೆ." ತಟ್ಟಿಯತ್ತ ತಿರುಗಿ, "ಹತ್ತಿ ಒದ್ದೆಯಾದರೆ ಗಟ್ಟಿ ಎಂದು ನಾನೇ ಕಾಲೇಜಿನಲ್ಲಿ ಪಾಠ ಮಾಡಿದ್ದೇನಮ್ಮಾ. ಈ ತಟ್ಟಿಯ ಕೆಳಗೆ ಕೂತು ಮರೆತೆ" ಎಂದರು.

ನೆರಳು ಉದ್ದವಾದ ಮೇಲೆ ಶುರು ಮಾಡಿದೆವು. ಮದರಾಸಿನದೊಂದು ಕಟ್ಟು, ಚಿನ್ನಕ್ಕನದೊಂದು ಕಟ್ಟು. ಒಂದಾದ ಮೇಲೆ ಒಂದು, ಒಂದೇ ಮೇಜು, ಒಂದೇ ಗಾಳಿ. ಮೊದಲು ಮದರಾಸು. ಸರಸರ, ಸರಸರ, ಟಪ್. ಆಮೇಲೆ ಚಿನ್ನಕ್ಕ. ಸರಸರ, ಸರಸರ. ಡಬ್ಬಿಯ ಸದ್ದು ದಪ್ಪಗಾಯಿತು. ಮದರಾಸು ಹರಿದ ಜಾಗ ದಾಟಿತು. ಇನ್ನೂ ಸರಸರ. ಹೊಸ್ತಿಲಾಚೆ ಚಿನ್ನಕ್ಕ ಮೊಣಕಾಲಿನ ಮೇಲೆ ಎದ್ದಿದ್ದಳು. ಟಪ್.

"ಇನ್ನೊಂದು," ಎಂದರು ಸರ್. ಮತ್ತೊಂದು. ಮತ್ತೆ ಅದೇ. ಕೊನೆಯ ಕಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಬಿಗಿದು, ತಾವೇ ಸೀಸ ಸುರಿದರು. ಚಿನ್ನಕ್ಕನ ಹತ್ತಿ ಅವರ ಕೈಯಲ್ಲೂ ಗೆದ್ದಿತು.

ಹೊರಗೆ ಹೋಗಿ ಯಲ್ಲಪ್ಪನನ್ನು ಎಬ್ಬಿಸಿ, ಚೀಟಿ ಇಸಿದುಕೊಂಡು, "ಗಾಡಿ ಕಟ್ಟಪ್ಪಾ. ಮೇವು ಬೇರೆ ಕಡೆ ನೋಡಿಕೋ" ಎಂದರು.

"ಮತ್ತೆ ಇಷ್ಟೊತ್ತು ಕಾದಿದ್ದು?" ಎಂದ ಯಲ್ಲಪ್ಪ.

"ನಿದ್ದೆ ಮಾಡಿದ್ಯಲ್ಲೋ, ಅದ್ನೇ ತುಂಬ್ಕೊಂಡ್ ಹೋಗು," ಎಂದ ಮುನಿಯಪ್ಪ.

ಸರ್ ಮೊದಲ ರಿಪೋರ್ಟನ್ನು ವಾಪಸು ಪಡೆದು ಇನ್ನೊಂದು ಬರೆದರು. ತಮ್ಮ ತಟ್ಟಿಯ ವಿಷಯವನ್ನೂ ಮುಚ್ಚಿಡದೆ ಬರೆದರು. ಮದರಾಸಿನಿಂದ ಸರಿಯಾಗಿ ಬೈಗುಳ ಬಂತು. ತನ್ನ ಮಗುವಿಗೆ ಪ್ರೈಜ್ ಎಂಬ ಮಾತೂ ಅದರಲ್ಲಿತ್ತಂತೆ. ಸಾಕಷ್ಟು ಕಾಗದ ಓಡಾಡಿದ ಮೇಲೆ, ಮಳೆ ಬೀಳುವ ಹೊತ್ತಿಗೆ, ಬಿತ್ತಲು ಒಪ್ಪಿಗೆ ಬಂತು. ಚಿನ್ನಕ್ಕ ಬೀಜಕ್ಕೆ ಸಗಣಿ ಉಜ್ಜಿ ಬೂದಿಯಲ್ಲಿ ಹೊರಳಿಸಿ ಬಿತ್ತಿದಳು. ಹೊಲ ಅವಳದಾಗಿಯೇ ಉಳಿಯಿತು.

ಆ ಎರಡನೆಯ ರಿಪೋರ್ಟ್ ಹೋದ ಮರುದಿನ ನಾನು ಕೆಲಸಕ್ಕೆ ಬಂದರೆ ಲಾವಂಚದ ತಟ್ಟಿ ನನ್ನ ತಗಡಿನ ಕೋಣೆಯ ಕಿಟಕಿಯಲ್ಲಿ. ಸೀಲಿನ ಪೆಟ್ಟಿಗೆ ನನ್ನ ಮೇಜಿನ ಮೇಲೆ. ಪಕ್ಕದಲ್ಲಿ ರೈತರ ಹತ್ತಿ. ಸರ್ ಆ ಬೇಸಿಗೆಯೆಲ್ಲ ಒದ್ದೆ ಟವೆಲ್ಲನ್ನು ಕಣ್ಣಿಗೊತ್ತಿಕೊಂಡು ತಮ್ಮ ಕೋಣೆಯಲ್ಲಿ ಕೂತರು. ನಾನು ಥ್ಯಾಂಕ್ಸ್ ಹೇಳಲು ಹೋದರೆ, "ಗೋ ಅಂಡ್ ಕೋಂಬ್" ಎಂದು ಅಟ್ಟಿದರು.

ಆಮೇಲೆ ಎಲ್ಲ ಬದಲಾಯಿತು. ಸೀಸದ ಗುಂಡು ಹೋಗಿ ಉರುಳುವ ತೂಕದ ಯಂತ್ರ ಬಂತು, ಅದು ಹೋಗಿ ಮುಳ್ಳಿನ ಡಯಲ್ ಬಂತು. ಗಾಳಿಯ ತೇವವನ್ನು ಅಳೆದು ಹಿಡಿದಿಡುವ ಕೋಣೆಗಳು ಬಂದವು. ಅಂಥ ಕೋಣೆಗೆ ಮೊದಲ ಸಲ ಕಾಲಿಟ್ಟಾಗ ನನಗೆ ಲಾವಂಚದ ವಾಸನೆ ಬಂದಂತಾಯಿತು, ಅಲ್ಲಿ ಲಾವಂಚ ಇರಲಿಲ್ಲ. ಡಿಯರ್ ಗರ್ಲ್ಸ್, ನಿಮ್ಮ ಯಂತ್ರ ಎಷ್ಟೇ ಸ್ಮಾರ್ಟ್ ಇರಲಿ, ಒಂದು ಹತ್ತಿಯನ್ನು ಇನ್ನೊಂದರ ಪಕ್ಕ ನಿಲ್ಲಿಸುವ ಮೊದಲು ಎರಡಕ್ಕೂ ಒಂದೇ ಗಾಳಿ ಸಿಕ್ಕಿದೆಯೇ ನೋಡಿ. ಸಿಗದಿದ್ದರೆ ಮೂಟೆಯ ಮೇಲೆ ಕೂರಿ. ಯಾರು ಬೈದರೂ ಇಳಿಯಬೇಡಿ.

ಆ ತಳಿ ಕೆಲವು ವರ್ಷ ಬದುಕಿತು. ಆಮೇಲೆ ಇನ್ನೂ ಉದ್ದ ಎಳೆಯ ತಳಿಗಳು ಬಂದು ಅದನ್ನು ಮರೆಸಿದವು. ಫಾರಂ ಮುಚ್ಚಿತು.

ಚಿನ್ನಕ್ಕನನ್ನು ನಾನು ಕಡೆಯ ಸಲ ನೋಡಿದ್ದು ಜೂಜುವಾಡಿಯಲ್ಲಿ. ನನಗೂ ಆಗ ತಲೆ ನರೆತಿತ್ತು. ಹೊಸೂರಿನಿಂದ ಬೆಂಗಳೂರಿಗೆ ಹೊರಟ ಬಸ್ಸು ಗಡಿಯಲ್ಲಿ ನಿಂತಿತ್ತು, ಸುತ್ತ ಲಾರಿಗಳ ಸಾಲು. ಟೀ ಅಂಗಡಿಯ ಬೆಂಚಿನ ಮೇಲೆ ಒಬ್ಬ ಮುದುಕಿ. ಕುತ್ತಿಗೆ ನೋಡಿ ಗುರುತು ಹಿಡಿದೆ, ಅದೇ ನೆಟ್ಟಗಿನ ಕುತ್ತಿಗೆ. ಇಳಿದು ಓಡಿದೆ. "ಚಿನ್ನಕ್ಕ!" ಎಂದರೆ ಕೇಳಿಸಲಿಲ್ಲ. ಭುಜ ಮುಟ್ಟಿದ ಮೇಲೆ ತಿರುಗಿದಳು. "ಮಿಸ್ಸವ್ವ! ಕಿವಿ ಎಲ್ಡೂ ಹೊಂಟೋದ್ವು ಕಣ್ ತಾಯಿ, ತುಟಿ ನೋಡಿ ಮಾತ್ ತಿಳ್ಕತೀನಿ."

"ಹೊಲ?" ಎಂದು ತುಟಿ ಆಡಿಸಿದೆ.

"ಐತೆ. ಬದೀನಾಗೆ ನಮ್ ಹತ್ತಿ ನಾಕು ಗಿಡ ಮಡಗಿವ್ನಿ. ದೀಪದ ಬತ್ತೀಗೆ."

ಸೆರಗಿನ ಗಂಟು ಬಿಚ್ಚಿ ಒಂದು ಚಿಟಿಕೆ ಹತ್ತಿ ತೆಗೆದಳು. ಎರಡೂ ಕೈಯ ಹೆಬ್ಬೆರಳಲ್ಲಿ ಹಿಡಿದು, ನನ್ನ ಕಿವಿಯ ಹತ್ತಿರ ತಂದು, ಎಳೆದಳು. ಕಂಡಕ್ಟರ್ ಸೀಟಿ ಊದುತ್ತಿದ್ದ. ಲಾರಿಗಳು ಕಿರುಚುತ್ತಿದ್ದವು. ಅವೆಲ್ಲದರ ನಡುವೆ, ಕಿವಿಗೆ ಅಂಟಿದಷ್ಟು ಹತ್ತಿರ, ಟಪ್.

"ಹೆಂಗೈತೆ ಸದ್ದು?" ಎಂದು ಕೇಳಿ, ನನ್ನ ತುಟಿಯನ್ನೇ ನೋಡುತ್ತ ನಿಂತಳು.

"ಗಟ್ಟಿ," ಎಂದೆ.